ಮೊದಲ ಲಾರಿ ಹೋಗಿ ಬಂತು

ನಮ್ಮೂರಿನಲ್ಲಿ ಒಂದು ರೂಢಿಯಿದೆ. ನೆರೆ ಇಳಿದ ಮೇಲೆ ಹಳೆಯ ಸೇತುವೆ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಯಾರೂ ಕಚೇರಿಗೆ ಹೋಗಿ ಕೇಳುವುದಿಲ್ಲ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ತಮ್ಮ ಲಾರಿಯನ್ನು ಮೊದಲು ಓಡಿಸುತ್ತಾರೆ. ಲಾರಿ ಆ ದಡ ಮುಟ್ಟಿ ವಾಪಸ್ ಬಂದರೆ ಸೇತುವೆ ಪಾಸು. ಜನ ಶಿಳ್ಳೆ ಹೊಡೆಯುತ್ತಾರೆ, ಭಾವ ಮೀಸೆ ತಿರುವುತ್ತಾರೆ.

ಹೋದ ವರ್ಷ ಗಾಳಿಮಳೆ ಮೂರು ದಿನ ಬಿಡದೆ ಹೊಡೆಯಿತು. ಹೊಳೆ ಸೇತುವೆಯ ಹೊಟ್ಟೆ ಸವರಿಕೊಂಡು ಹರಿಯಿತು. ನೀರು ಇಳಿದ ಮೇಲೆ ನೋಡಿದರೆ ಸೇತುವೆ ಇದ್ದಲ್ಲೇ ಇತ್ತು, ಒಂದು ಬಿರುಕೂ ಕಾಣಲಿಲ್ಲ. ಕಚೇರಿಯವರು ಬಂದು ಎರಡು ಡ್ರಮ್ಮು ಇಟ್ಟರು, ಅಡ್ಡ ಒಂದು ಹಗ್ಗ ಕಟ್ಟಿದರು, ಫೋಟೋ ತೆಗೆದುಕೊಂಡು ಹೋದರು. ಕಾವಲಿಗೆ ಒಂದು ನರಪಿಳ್ಳೆಯನ್ನೂ ಬಿಡಲಿಲ್ಲ.

ನಮ್ಮದು ಸಣ್ಣ ಬೇಕರಿ. ನಾನು ಹಿಟ್ಟು ನಾದುವವಳು. ಗಂಡ ಬ್ರೆಡ್ಡು, ಬನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಆ ದಡದ ಅಂಗಡಿಗಳಿಗೆ ಹಾಕಿ ಬರುವವರು. ನಾಲ್ಕು ದಿನ ದಾರಿ ಬಂದ್ ಆಗಿ ಬ್ರೆಡ್ಡಿಗೆ ಬೂಸ್ಟು ಹಿಡಿಯಿತು. ನನ್ನ ತಲೆಯೂ ಕೆಟ್ಟಿತು.

ಐದನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಸುತ್ತಿಗೆ ಅಕ್ಕ ಬಂದಳು. ರೈಲು ಹಳಿ ನೋಡಿಕೊಳ್ಳುವ ಕೆಲಸ ಅವಳದು. ಹೆಗಲ ಮೇಲೆ ಸದಾ ಸುತ್ತಿಗೆ, ಅದಕ್ಕೇ ಆ ಹೆಸರು.

"ಯಾರೂ ಸೇತುವೆ ದಾಟ್ಬೇಡಿ ಕಣ್ರೇ," ಅಂದಳು. "ಪಕ್ಕದ ರೈಲು ಸೇತುವೆ ಮೇಲೆ ನಾವು ಒಂದು ರೈಲೂ ಬಿಟ್ಟಿಲ್ಲ. ನೀರಲ್ಲಿ ಮುಳುಗಿ ಕಂಬದ ಬುಡ ನೋಡೋರು ಬರ್ಬೇಕು."

"ಮೇಲೆ ಚೆನ್ನಾಗೇ ಇದೆಯಲ್ಲಕ್ಕಾ?" ಅಂದೆ.

"ಮೇಲೆ ಇರುತ್ತೆ. ಹರಿಯೋ ನೀರಲ್ಲಿ ಸುಮ್ನೆ ನಿಂತ್ಕೊ, ಹಿಮ್ಮಡಿ ಕೆಳಗಿನ ಮರಳು ಜಾರಿ ಹೋಗುತ್ತಲ್ವಾ? ಕಂಬದ ಬುಡದಲ್ಲೂ ಹಾಗೇ. ಒಳಗೆ ಟೊಳ್ಳಾದ್ರೂ ಮೇಲೆ ಓಡಾಡೋರಿಗೆ ಗೊತ್ತಾಗಲ್ಲ."

"ಅಕ್ಕ ಹೇಳೋದು ಸರಿ," ಅಂದರು ನನ್ನ ಗಂಡ. "ಇನ್ನೆರಡು ದಿನ ಕಾಯೋಣ."

ಅಷ್ಟರಲ್ಲಿ ಹೊರಗೆ ಶಿಳ್ಳೆ. ಭಾವ ಹಗ್ಗ ಬಿಚ್ಚಿಸಿ, ಲಾರಿ ಓಡಿಸಿ, ವಾಪಸ್ಸೂ ಬಂದಿದ್ದರು. ಒಳಗೆ ಬಂದವರೇ, "ಏನಮ್ಮಾ ಸುತ್ತಿಗೆ, ನೋಡಿದ್ಯಾ? ಸೇತುವೆ ಕಲ್ಲುಗುಂಡಿನ ಹಾಗಿದೆ!" ಅಂದರು.

"ಒಂದು ಸಲ ತಡ್ಕೊಂಡಿತು ಅಣ್ಣಾ. ನಿಮ್ಮ ಲಾರಿ ಭಾರಕ್ಕೇ ಬುಡ ಇನ್ನಷ್ಟು ಸಡಿಲ ಆಗಿದ್ರೆ? ಹಿಂದೆ ಹೋಗೋರ ಗತಿ?"

"ನಿನ್ನ ಬಾಯಲ್ಲಿ ಒಂದಾದ್ರೂ ಒಳ್ಳೇ ಮಾತು ಬರುತ್ತೇನೇ?" ಭಾವ ನಕ್ಕರು. ನಾನೂ ನಕ್ಕೆ.

ಗಂಡ ಮಾತ್ರ ಕೂತಲ್ಲಿಂದ ಏಳಲಿಲ್ಲ. ಅವರಿಗೆ ನಾನು ಆಡಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ಅಷ್ಟು ದೊಡ್ಡ ಲಾರಿ ಹೋಗಿ ಬಂತು. ನಿಮ್ಮ ಡಕೋಟ ಮೊಪೆಡ್ಡಿಗೆ ಸೇತುವೆ ಬಿದ್ದುಹೋಗುತ್ತಾ? ಅಣ್ಣನಿಗಿರೋ ಧೈರ್ಯದಲ್ಲಿ ಕಾಲು ಭಾಗ ಇದ್ದಿದ್ರೆ ಸಾಕಾಗಿತ್ತು. ಹೇಡಿ!"

ಅವರು ಎದ್ದರು. ಅವತ್ತಿನ ಹೊಸ ಬ್ರೆಡ್ಡು ಕಟ್ಟಿಕೊಂಡು ಹೊರಟರು.

ಅವರಿಗಿಂತ ಮುಂಚೆ ಹತ್ತು ಗಾಡಿ ದಾಟಿದ್ದವಂತೆ. ನಡುವಿನ ಕಂಬ ಕುಸಿದಾಗ ಮೇಲಿದ್ದವರು ಅವರೊಬ್ಬರೇ. ಜೀವ ಉಳಿಯಿತು. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ಹೋಯಿತು.

ರೈಲು ಸೇತುವೆಯ ಬುಡದಲ್ಲೂ ಆಳುದ್ದದ ಗುಂಡಿ ಸಿಕ್ಕಿತು. ರೈಲಿನವರು ಕಾದರು, ನೋಡಿದರು, ಮುಚ್ಚಿದರು. ಈಗ ರೈಲು ಓಡುತ್ತಿದೆ. ಗಂಡನ ಮಗ್ಗುಲು ಬದಲಿಸುವಾಗ ಅದರ ಸದ್ದು ಕೇಳಿಸುತ್ತದೆ. ಅವರು ನನ್ನನ್ನು ಒಂದು ದಿನವಾದರೂ ಬೈದಿದ್ದರೆ ಚೆನ್ನಾಗಿತ್ತು. ಬೈಯುವುದಿಲ್ಲ. ಕಚೇರಿಯವರನ್ನು ಕೇಳಿದರೆ ಹಗ್ಗ ಕಟ್ಟಿದ ಫೋಟೋ ತೋರಿಸುತ್ತಾರೆ.

ಮುರಿದ ಭಾಗಕ್ಕೆ ಕಬ್ಬಿಣದ ಹಲಗೆ ಹಾಸಿ ದಾರಿ ಮಾಡಿಕೊಟ್ಟರು. ಈ ವರ್ಷ ಮತ್ತೆ ನೆರೆ ಬಂತು. ನೀರು ಇಳಿದ ಮರುದಿನವೇ ಜನ ಭಾವನ ಬಾಗಿಲಿಗೆ ಬಂದರು. ನಂಬುತ್ತೀರಾ?

"ಅಣ್ಣಾ, ಒಂದು ಸಲ ಹೋಗಿ ಬಂದ್ಬಿಡಿ. ನಿಮ್ಮ ಕೈ ಒಳ್ಳೇದು."

ಭಾವ ಲಾರಿ ಹತ್ತಿದರು. ಹೋಗಿ ಸೇತುವೆಯ ಬಾಯಿಗೇ ಅಡ್ಡ ನಿಲ್ಲಿಸಿ ಇಳಿದರು. ಕೀಲಿಯನ್ನು ಸುತ್ತಿಗೆ ಅಕ್ಕನ ಕೈಗೆ ಕೊಟ್ಟರು. "ಬುಡ ನೋಡಿದೋರು ಬರೆದು ಕೊಡೋವರೆಗೂ ಇದು ಅಲ್ಲಾಡಲ್ಲ. ನನ್ನ ತಮ್ಮನ ಕಾಲು ಸಾಲ್ದಾ ನಿಮಗೆ?"

ಶಿಳ್ಳೆ ಹೊಡೆದ ಬಾಯಿಗಳೇ ಪುಕ್ಕಲ ಎಂದವು. ನಾನೂ ಲಾರಿಯ ಪಕ್ಕ ನಿಂತು ಬೈಸಿಕೊಂಡೆ. ಬುಡ ನೋಡುವವರು ಬರುವವರೆಗೆ ಆರು ದಿನ ಬೈದರು. ನಮ್ಮ ಮನೆಯವರಿಗೆಲ್ಲ ಈಗ ಬುದ್ಧಿ ಬಂದಿದೆ. ಬಂದು ಏನು ಪ್ರಯೋಜನ ಎಂದು ಕೇಳಬೇಡಿ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ಯಾರದೋ ಗಾಡಿ ಹೋಗಿ ಬಂತೆಂದು ನೀವು ಹಗ್ಗ ದಾಟಬೇಡಿ. ಗಾಳಿಮಳೆ, ನೆರೆ ಬಂದು ಹೋದ ಮೇಲೆ ಹಳೆಯ ಸೇತುವೆಯಾಗಲಿ, ಬಂದರಿನಲ್ಲಿ ದೋಣಿ ಕಟ್ಟಿಹಾಕುವ ಕಟ್ಟೆಯಾಗಲಿ, ನೀರಿನ ಕೆಳಗಿನ ಬುಡ ನೋಡಿದವರು ಸಹಿ ಹಾಕಿ ಹೇಳುವವರೆಗೆ ಕಾಲಿಡಬೇಡಿ. ನೋಡುವವರು ಬರದಿದ್ದರೆ ಹತ್ತು ಜನ ಸೇರಿ ಕಚೇರಿಯ ಬಾಗಿಲಲ್ಲಿ ಕೂತುಕೊಳ್ಳಿ, ಬರುವವರೆಗೆ ಏಳಬೇಡಿ. ಮನೆಯಲ್ಲಿ ಯಾರಾದರೂ "ಎರಡು ದಿನ ಕಾಯೋಣ" ಅಂದರೆ, ನಿಮಗೆ ಕೈ ಮುಗಿಯುತ್ತೇನೆ, ಅವರನ್ನು ಹೇಡಿ ಅನ್ನಬೇಡಿ.