ಕಿವಿ ಮೇಸ್ತ್ರಿ

ಲಾರಿಯ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಬಿಚ್ಚಿ ಕಟ್ಟಲು ಕಿವಿ ಮೇಸ್ತ್ರಿಗೆ ಎರಡು ದಿನ ಹಿಡಿಯಿತು. ಮೊದಲಾದರೆ ಮಧ್ಯಾಹ್ನದೊಳಗೆ ಮುಗಿಸುತ್ತಿದ್ದ. ಈಗ ಸೊಂಟ ಒಂದು ಕಡೆ, ಮಂಡಿ ಒಂದು ಕಡೆ ಮುಷ್ಕರ ಹೂಡುತ್ತವೆ. ಸದ್ದು ಕೇಳಿಯೇ ಗಾಡಿಯ ರೋಗ ಹೇಳುತ್ತಾನೆಂದು ಜನ ಇಟ್ಟ ಹೆಸರು ‘ಕಿವಿ ಮೇಸ್ತ್ರಿ’. ಆ ಕಿವಿಯೇ ಮಂದವಾಗುತ್ತಿದೆ ಎಂದು ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಉಳಿಯುವುದೇನು? ಬರೀ ಮೇಸ್ತ್ರಿ.

“ಅಷ್ಟು ದೊಡ್ಡ ಎಂಜಿನ್ ಇದೆ, ಆದ್ರೂ ಕೆಸರಲ್ಲಿ ಒಂದೇ ಚಕ್ರ ಗಿರಗಿರ ತಿರುಗ್ತಾ ನಿಂತುಬಿಡ್ತಲ್ಲ ಮೇಸ್ತ್ರಿಗಳೇ?” ಎಂದ ಡ್ರೈವರ್.

ಮೇಸ್ತ್ರಿ ಅವನ ತುಟಿಯನ್ನೇ ನೋಡುತ್ತಿದ್ದ. “ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ಓಡ್ಬೇಕು, ಒಳಗಿಂದು ಕಮ್ಮಿ. ಅದಕ್ಕೇ ಡಿಫರೆನ್ಷಿಯಲ್ಲು ಎರಡನ್ನೂ ಅವುಗಳ ಪಾಡಿಗೆ ಬಿಡುತ್ತೆ. ಕೆಸರಲ್ಲಿ ಅದೇ ಮುಳುವು. ತಿರುಗಾಟವೆಲ್ಲ ಜಾರೋ ಚಕ್ರಕ್ಕೆ, ಗಟ್ಟಿ ನೆಲದ ಮೇಲಿರೋದು ಸುಮ್ನೆ ನಿಂತಿರುತ್ತೆ. ಎತ್ತು ಏರಿಗೆ, ಕೋಣ ನೀರಿಗೆ. ಎಂಜಿನ್ ಬಲ ಹೆಚ್ಚಾದಷ್ಟೂ ಜಾರೋದೂ ಹೆಚ್ಚು. ನಿಂದು ಲಿಮಿಟೆಡ್ ಸ್ಲಿಪ್. ಒಳಗೆ ಕ್ಲಚ್ ಪ್ಲೇಟುಗಳಿವೆ. ಒಂದಕ್ಕೊಂದು ಒತ್ತಿಕೊಂಡು ಜಾರೋದನ್ನ ಹಿಡಿದು, ನಿಂತಿರೋದಕ್ಕೆ ಬಲ ದಾಟಿಸ್ತವೆ. ಅವು ಸವೆದಿದ್ವು, ಹೊಸವು ಹಾಕಿದೀನಿ.”

ಹೊಸ ಪ್ಲೇಟುಗಳು ಎಣ್ಣೆ ಕುಡಿಯಲೆಂದು ಅವನೇ ಲಾರಿ ಹತ್ತಿ ಅಂಗಳದಲ್ಲಿ ಎಂಟರ ಆಕಾರದಲ್ಲಿ ಸುತ್ತಿದ. ಗೇರ್ ಎಣ್ಣೆಗೆ ಇನ್ನೊಂದು ಸಣ್ಣ ಬಾಟಲಿಯ ಎಣ್ಣೆ ಬೆರೆಸಬೇಕು. ಮರೆತರೆ ತಿರುವಿನಲ್ಲಿ ಪ್ಲೇಟುಗಳು ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು ಗೊರಗೊರ ಎನ್ನುತ್ತವೆ. ಮೇಸ್ತ್ರಿ ಕಿವಿಗೊಟ್ಟ. ಏನೂ ಇಲ್ಲ. ಸೀಟು ನಡುಗಿದ್ದನ್ನು ಅಂಗಳದ ಗುಂಡಿಗಳ ತಲೆಗೆ ಕಟ್ಟಿದ.

“ಬೆಣ್ಣೆ ಹಾಗಿದೆ,” ಎನ್ನುತ್ತ ಇಳಿದ.

ಡ್ರೈವರ್ ಹುಬ್ಬೇರಿಸಿದ. “ಅಲ್ಲ, ಗೊರಗೊರ ಅಂತಿತ್ತಲ್ಲ?”

ಹತ್ತು ವರ್ಷದಿಂದ ಅಪ್ಪನ ಜೊತೆಗೇ ಸ್ಪ್ಯಾನರ್ ಹಿಡಿದ ಮಗಳು ಬೆಂಚಿನ ಹತ್ತಿರ ನಿಂತಿದ್ದಳು. ಅವಳ ಕೈಯಲ್ಲಿ ಆ ಸಣ್ಣ ಬಾಟಲಿ, ಸೀಲು ಕೂಡ ಒಡೆದಿಲ್ಲ. “ನಂದೇ ತಪ್ಪಣ್ಣ, ಹಾಕೋದು ಮರೆತೆ. ಒಂದು ಟೀ ಕುಡಿದು ಬನ್ನಿ, ಅಷ್ಟರಲ್ಲಿ ಸರಿಮಾಡ್ತೀನಿ,” ಎಂದಳು.

ಎಣ್ಣೆ ತುಂಬಿದ್ದು ಮೇಸ್ತ್ರಿಯೇ. ಡ್ರೈವರ್ ಗೇಟು ದಾಟುವವರೆಗೆ ಅವನು ತಲೆ ಎತ್ತಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ಸುಸ್ತು, ಎರಡು ವರ್ಷ ಕೇಳಿದಂತೆ ನಟಿಸಿದ ಸುಸ್ತು.

“ನಿಂಗೆ ಯಾವಾಗಿಂದ ಗೊತ್ತು?”

“ಮೊದಲಿಂದ್ಲೂ.”

“ಮತ್ತೆ ಒಂದು ಮಾತು ಹೇಳೋದಲ್ವೇನೇ?”

ಮಗಳು ಎದುರಿಗೆ ಬಂದು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ದಿನಾ ಹೇಳ್ತಿದ್ದೆ ಅಪ್ಪಾ. ನಿನ್ನ ಮುಖ ನೋಡಿ ಹೇಳೋಕೆ ಧೈರ್ಯ ಸಾಲ್ದೆ, ಬೆನ್ನ ಹಿಂದೆ ನಿಂತು ಹೇಳ್ತಿದ್ದೆ.”