ಅಪ್ಪನ ಗದ್ದ

ನಾನು ಹಲ್ಲುಸೆಟ್ಟು ಮಾಡುವವಳು. ನನ್ನ ಮೇಜಿಗೆ ಮುಖಗಳು ಬರುವುದಿಲ್ಲ, ಪ್ಲಾಸ್ಟರಿನ ದವಡೆಗಳು ಬರುತ್ತವೆ, ಜೊತೆಗೆ ಡಾಕ್ಟರ ಚೀಟಿ. ಕಣ್ಣಿನ ಹೊರತುದಿಯಿಂದ ಬಾಯಿಯ ಮೂಲೆಗೆ ಎಷ್ಟೋ, ಮೂಗಿನ ಬುಡದಿಂದ ಗದ್ದದ ತುದಿಗೂ ಅಷ್ಟೇ ಇದ್ದರೆ ಮುಖ ಲಕ್ಷಣವಾಗಿ ಕಾಣುತ್ತದೆ ಎಂಬುದು ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ. ಚೀಟಿಯಲ್ಲಿ ಅಳತೆ ಬರೆದಿರದಿದ್ದರೆ ಆ ಲೆಕ್ಕದ ಸರಾಸರಿ ಎತ್ತರವನ್ನೇ ಸೆಟ್ಟಿಗೆ ಇಡುತ್ತೇವೆ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ತಕರಾರು ಮಾಡಿಲ್ಲ.

ಅಮ್ಮನಿಗೆ ಮರೆವಿನ ಕಾಯಿಲೆ. ಅವಳು ನನ್ನನ್ನು ನರ್ಸಮ್ಮ ಎಂದು ಕರೆಯತೊಡಗಿ ವರ್ಷವಾಗಿತ್ತು. ಅದಕ್ಕೆ ನಾನು ಅಳಲಿಲ್ಲ, ಅಳು ಬರಲೇ ಇಲ್ಲ. ಅವಳು ಅಪ್ಪನನ್ನು ಮಾತ್ರ ಮರೆತಿರಲಿಲ್ಲ. ಕಳೆದ ತಿಂಗಳು ಅಪ್ಪನ ಉಳಿದ ಹಲ್ಲುಗಳನ್ನೂ ಕೀಳಿಸಿದೆವು. ಬಾಯಿ ಒಳಗೆ ಹೋಯಿತು, ಕೆನ್ನೆ ಇಳಿಯಿತು. ಅಂದು ಮನೆಗೆ ಬಂದ ಅಪ್ಪನನ್ನು ಅಮ್ಮ ಮೇಲಿಂದ ಕೆಳಗೆ ನೋಡಿ, ಯಾರು ಬೇಕಿತ್ತು ಎಂದು ಕೇಳಿದಳು.

ಹಲ್ಲು ಬಂದರೆ ಮುಖ ಬರುತ್ತದೆ, ಮುಖ ಬಂದರೆ ಗುರುತು ಸಿಗುತ್ತದೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನಂಬಿದ. ದಿನಾ ಫೋನು ಮಾಡಿ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದ. ಡಾಕ್ಟರು ನಮ್ಮವರೇ ಆದ್ದರಿಂದ, ನಿಮ್ಮಪ್ಪನ ಮುಖ ನಿಮಗೇ ಗೊತ್ತಲ್ಲ ಎಂದು ಅಳತೆ ಬರೆಯದೆ ಚೀಟಿ ಕೊಟ್ಟರು. ನಾನು ತಲೆ ಬಗ್ಗಿಸಿ ಕೆಲಸ ಮಾಡಿದೆ. ಒಂದೊಂದು ಹಲ್ಲನ್ನೂ ಉಜ್ಜಿ ಹೊಳಪು ತಂದೆ.

ಸೆಟ್ಟು ಹಾಕಿಕೊಂಡ ಅಪ್ಪ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಅಮ್ಮನೆದುರು ಕುಳಿತ. ಅಮ್ಮ ಬಹಳ ಹೊತ್ತು ನೋಡಿದಳು. ನಾಚಿಕೊಂಡಳು ಎಂದರೂ ತಪ್ಪಲ್ಲ. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು.

"ನರ್ಸಮ್ಮ, ಇವ್ರು ನೋಡೋಕೆ ತುಂಬಾ ಚೆನ್ನಾಗಿದ್ದಾರೆ. ಆದ್ರೆ ನಮ್ಮನೆಯವ್ರು ಬರೋ ಹೊತ್ತಾಯ್ತು, ಕಳಿಸಿಬಿಡು."

ಆಗ ಹೊಳೆಯಿತು. ಅಪ್ಪನದು ಹುಟ್ಟಾ ಮೋಟು ಗದ್ದ. ಹಲ್ಲಿದ್ದಾಗಲೂ ಮೂಗಿನ ಕೆಳಗೆ ಮುಖ ಬೇಗ ಮುಗಿದುಹೋಗುತ್ತಿತ್ತು. ಅತ್ತೆಯಂದಿರು ಅವನನ್ನು ಕರೆಯುತ್ತಿದ್ದದ್ದೇ ಮೋಟಪ್ಪ ಎಂದು. ಹುಟ್ಟಿದಾಗಿನಿಂದ ನೋಡಿದ ಮುಖವನ್ನು ಬಿಟ್ಟು ಬಾಯಿಪಾಠದ ಮುಖ ಮಾಡಿಕೊಟ್ಟಿದ್ದೆ. ನನ್ನ ಮೇಲೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ಅಪ್ಪನನ್ನು ಅಡುಗೆಮನೆಗೆ ಕರೆದು ತಪ್ಪು ಒಪ್ಪಿಕೊಂಡೆ. ಹಳೇ ಫೋಟೋ ಇಟ್ಟುಕೊಂಡು ಅಳೆಯುತ್ತೇನೆ, ಎತ್ತರ ಇಳಿಸಿ ಹೊಸದಾಗಿ ಕಟ್ಟಿಕೊಡುತ್ತೇನೆ, ಹತ್ತು ದಿನ ಸಾಕು, ಆಗ ಖಂಡಿತ ಗುರುತು ಹಿಡಿಯುತ್ತಾಳೆ ಎಂದೆ. ಸೆಟ್ಟು ತೆಗೆದು ಕೊಡು ಎಂದು ಕೈ ಚಾಚಿದೆ.

ಅಪ್ಪ ಬಾಯಿ ಮುಚ್ಚಿಕೊಂಡ. ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ತನ್ನ ಮುಖ ನೋಡಿಕೊಂಡ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

"ಬೇಡ ಬಿಡಮ್ಮ," ಎಂದ. "ಮದುವೆಯಾಗಿ ಐವತ್ತೊಂದು ವರ್ಷ ಆಯ್ತು. ನೋಡೋಕೆ ಚೆನ್ನಾಗಿದ್ದೀರಿ ಅಂತ ಅವಳು ಒಂದಿನಾನೂ ಅಂದಿರ್ಲಿಲ್ಲ."

ಒಳಗಿನಿಂದ ಅಮ್ಮ, ಆ ಯಜಮಾನರು ಹೊರಟರಾ ಎಂದು ಕೇಳಿದಳು. ಅಪ್ಪ ಅಂಗಿಯ ಕಾಲರು ಸರಿಮಾಡಿಕೊಂಡು, ನಾಳೆ ಮತ್ತೆ ಬರುತ್ತೇನೆ ಎಂದು ಅವಳಿಗೆ ಹೇಳಿ ಬರಲು ಹೋದ.