ಹುಂಜ ಕೆಳಗಿಳಿದು ಬರಲಿ

ಕಾರ್ಟೂನು ತಯಾರಾಗುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ನಡಿಗೆಯಕ್ಕ ಎಂದೇ. ಯಾವ ಪ್ರಾಣಿ ಹೇಗೆ ನಡೆಯಬೇಕೆಂದು ಗೆರೆ ಎಳೆಯುವವಳು ಅವಳು. ಅಲ್ಲೊಂದು ರೂಢಿಯಿತ್ತು: ಹೊಸ ಪಾತ್ರ ಬಂದರೆ ಕಚೇರಿಯವರಲ್ಲೇ ಒಬ್ಬರು ನಡೆದು ತೋರಿಸಬೇಕು, ಅದನ್ನು ಮೊಬೈಲಿನಲ್ಲಿ ಹಿಡಿದು ಬಿಡಿಸಬೇಕು. ಕಾರ್ಟೂನಿನ ಅಧ್ಯಕ್ಷ ಹುಂಜನ ಎದೆಯುಬ್ಬಿಸಿದ ನಡಿಗೆ ಕಚೇರಿಯ ಕಾವಲುಗಾರನದ್ದು. ಬಾತುಕೋಳಿಯದ್ದು ಅವಳದ್ದೇ. ಹುಟ್ಟಿನಿಂದ ಅವಳ ಎಡಗಾಲು ಎರಡು ಬೆರಳಷ್ಟು ಗಿಡ್ಡ.

ಈ ಸಲದ ಕಂತಿನಲ್ಲಿ ಬಾತುಕೋಳಿ ಸಭಾಭವನಕ್ಕೆ ಅರ್ಜಿ ತರುತ್ತದೆ. ಮೆಟ್ಟಿಲ ಪಕ್ಕ ಒಂದು ಇಳಿಜಾರು ದಾರಿ ಬೇಕು, ಅಷ್ಟೇ. ಹುಂಜ ಮಹಡಿಯ ಕಿಟಕಿಯಿಂದ ಕತ್ತು ಹೊರಹಾಕಿ, “ಅರ್ಜಿ ಮೇಲೆ ತಂದು ಕೊಡಮ್ಮ!” ಎನ್ನುತ್ತಾನೆ.

ಚಾನೆಲ್ಲಿನ ಮೇಲ್ವಿಚಾರಕರಿಗೆ ಇದು ಹಿಡಿಸಲಿಲ್ಲ. ಅವರ ಕೋಣೆ ಅದೇ ಕಚೇರಿಯ ಮೇಲಿನ ಮಹಡಿಯಲ್ಲಿ. ಲಿಫ್ಟಿಲ್ಲ, ಇಪ್ಪತ್ತೆರಡು ಮೆಟ್ಟಿಲು. ಏದುಸಿರು ಬಿಡುತ್ತಾ ಹತ್ತಿ ಬಂದ ನಡಿಗೆಯಕ್ಕನಿಗೆ ಅವರು ಹೇಳಿದರು:

“ಮಕ್ಕಳ ಕಾರ್ಟೂನಲ್ಲಿ ರಾಜಕೀಯ ಯಾಕಮ್ಮ? ತಮಾಷೆ ಇರ್ಲಿ, ಕುಂಟೋದು ಬೇಡ. ಕಾಲು ನೆಟ್ಟಗೆ ಮಾಡಿಬಿಡು.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹದಿನೆಂಟು ವರ್ಷ ಪೆನ್ಸಿಲ್ ಹಿಡಿದವಳಿಗೆ ನಗು ಎಲ್ಲಿ ಹುಟ್ಟುತ್ತದೆಂದು ಚೆನ್ನಾಗಿ ಗೊತ್ತಿತ್ತು.

“ಆಯ್ತು ಸಾರ್, ಎರಡೂ ಥರ ಮಾಡ್ತೀನಿ. ಶನಿವಾರ ಮಕ್ಕಳೇ ಹೇಳ್ಲಿ. ನೆಟ್ಟಗಿನ ಕಾಲಿಗೇ ಅವರು ಜಾಸ್ತಿ ನಕ್ಕರೆ ನನ್ನ ಬಾತುಕೋಳೀನ ನನ್ನ ಕೈಯಾರೆ ಅಳಿಸ್ತೀನಿ.”

ಪ್ರತಿ ಕಂತನ್ನೂ ಟೀವಿಗೆ ಮೊದಲು ಬೀದಿಯ ಮಕ್ಕಳಿಗೆ ತೋರಿಸುತ್ತಿದ್ದದ್ದು ಮೆಟ್ಟಿಲ ಬುಡದ ಹಜಾರದಲ್ಲಿ. ಮಕ್ಕಳು ಮುಂದೆ, ದೊಡ್ಡವರು ಹಿಂದೆ, ಬಾಯಿಗೆ ಬೀಗ ಹಾಕಿಕೊಂಡು.

ಮೊದಲು ನೆಟ್ಟಗಿನ ಕಾಲು ಬಂತು. ಹುಂಜ “ಮೇಲೆ ತಂದು ಕೊಡಮ್ಮ” ಎಂದಾಗ ಒಬ್ಬರೂ ಹಲ್ಲು ಬಿಡಲಿಲ್ಲ.

“ಹತ್ತೋಕೇನ್ ರೋಗ ಅದಕ್ಕೆ? ಸೋಮಾರಿ!” ಎಂದಳು ಎರಡು ಜಡೆಯ ಹುಡುಗಿ. ಮೇಲ್ವಿಚಾರಕರು ಕೆಮ್ಮಿದರು.

ಆಮೇಲೆ ಅವಳ ಬಾತುಕೋಳಿ ಬಂತು. ತನ್ನದೇ ಲಯದಲ್ಲಿ, ಒಂದು ಕಡೆ ವಾಲುತ್ತಾ, ಯಾವ ಅವಸರವೂ ಇಲ್ಲದೆ. ಮೆಟ್ಟಿಲನ್ನೊಮ್ಮೆ, ಹುಂಜನನ್ನೊಮ್ಮೆ ನೋಡಿ ಅರ್ಜಿಯನ್ನು ರಾಕೆಟ್ ಮಾಡಿ ಎಸೆಯಿತು. ಅದು ಹುಂಜನ ಜುಟ್ಟಿಗೆ ಸಿಕ್ಕಿಕೊಂಡಿತು. ಹುಂಜ ಅದನ್ನು ಕಿತ್ತು, “ಮೆಟ್ಟಿಲು ಹತ್ತಿ ಬಂದ ಅರ್ಜಿ ಅಲ್ಲ ಇದು!” ಎಂದು ವಾಪಸ್ಸು ಎಸೆದ. ಮಕ್ಕಳು ಹುಂಜನನ್ನು ನೋಡಿ ಬಿದ್ದು ಬಿದ್ದು ನಕ್ಕರು. ಎರಡು ಜಡೆಯವಳು ಮಾತ್ರ ಕೆರಳಿ ಎದ್ದು ನಿಂತಳು.

“ಏಯ್ ಹುಂಜ! ನೀನೇ ಕೆಳಗೆ ಬಾರೋ!”

ಹಜಾರಕ್ಕೆ ಹಜಾರವೇ ಕೂಗಿತು. “ಕೆಳಗೆ ಬಾ! ಕೆಳಗೆ ಬಾ!”

ನಡಿಗೆಯಕ್ಕನ ಕಣ್ಣು ತುಂಬಿ ಬಂತು. ಗೆದ್ದಿದ್ದಳು.

ಗದ್ದಲ ಇಳಿದಾಗ ಮೇಲ್ವಿಚಾರಕರು ಮೆಲ್ಲನೆ ಎದ್ದರು. “ಸರಿಯಮ್ಮ, ನಿನ್ನ ಬಾತುಕೋಳೀನೇ ಇರ್ಲಿ. ಒಪ್ಪಿಗೆ ಕಾಗದಕ್ಕೆ ರುಜು ಹಾಕ್ಬೇಕು, ಮೇಲೆ ಬಾ” ಎಂದು ಅಭ್ಯಾಸಬಲದಿಂದ ಹೇಳಿ ಮೆಟ್ಟಿಲು ಹತ್ತತೊಡಗಿದವರು ಮೂರನೆಯದರಲ್ಲೇ ನಿಂತುಬಿಟ್ಟರು. ಮಕ್ಕಳೆಲ್ಲ ತಿರುಗಿ ಅವರನ್ನೇ ನೋಡುತ್ತಿದ್ದರು.

“ಅಲ್ಲಲ್ಲ, ನೀನು ಕೂತ್ಕೊಳ್ಳಮ್ಮ. ನಾನೇ ತರ್ತೀನಿ.”

ನಡಿಗೆಯಕ್ಕ ಕುರ್ಚಿ ಎಳೆದುಕೊಂಡು ಆರಾಮವಾಗಿ ಕೂತು ಮೊಬೈಲನ್ನು ಮೆಟ್ಟಿಲ ಕಡೆಗೆ ಹಿಡಿದಳು. ಮುಂದಿನ ಕಂತಿಗೆ ಹುಂಜ ಕೆಳಗಿಳಿಯುವ ನಡಿಗೆ ಬೇಕಿತ್ತು.